ನಡುಗಲ್ಲು

ಹೊಳೆಯ ದಂಡೆಯ ಆ ಮಠಕ್ಕೆ ದೊಡ್ಡ ಗೋಪುರವಿರಲಿಲ್ಲ, ದೊಡ್ಡ ಹೆಸರೂ ಇರಲಿಲ್ಲ. ಇದ್ದದ್ದು ಒಂದು ಬೇವಿನ ಮರ, ಮರದ ಕೆಳಗೆ ಒಂದು ಚಪ್ಪಟೆ ಕಲ್ಲು. ಜನ ಅದನ್ನು ನಡುಗಲ್ಲು ಎನ್ನುತ್ತಿದ್ದರು.

ಕೂಡಿ ದುಡಿಯುವವರು ಜಗಳವಾಡಿದರೆ ಅಲ್ಲಿಗೆ ಬರುತ್ತಿದ್ದರು. ಕಲ್ಲಿನ ಆಚೆಗೊಬ್ಬ, ಈಚೆಗೊಬ್ಬ, ಕಲ್ಲಿನ ಮೇಲೆ ಗುರುಗಳು. ಅಲ್ಲಿ ಒಂದೇ ಕಟ್ಟಳೆ. ನಿನ್ನ ದೂರು ಹೇಳುವ ಮೊದಲು ಎದುರಿನವನ ದೂರನ್ನು ನೀನೇ ಹೇಳಬೇಕು. ಅವನು "ಹೌದು, ಇದಾ ಅದು" ಎಂದು ತಲೆಯಾಡಿಸುವವರೆಗೂ ಹೇಳಬೇಕು.

ಕೇಳುವುದಕ್ಕೆ ಸುಲಭ. ಬೆಳಿಗ್ಗೆ ಕೂತವರು ಬಿಸಿಲು ಇಳಿದರೂ ಆ ಒಂದು ತಲೆಯಾಟ ಕಾಣದೆ ಒದ್ದಾಡಿದ್ದುಂಟು.

ಗುರುಗಳಿಗೆ ವಯಸ್ಸಾಯಿತು. ದನಿ ಕುಗ್ಗಿತು, ಕೆಮ್ಮು ಹೆಚ್ಚಿತು. ಒಂದು ದಿನ ಅವರು ಕಲ್ಲಿನಿಂದ ಎದ್ದು, ಕಿರಿಯ ಶಿಷ್ಯ ಅಮೃತನ ಕೈ ಹಿಡಿದು ಅಲ್ಲಿ ಕೂರಿಸಿದರು.

ಹಿರಿಯ ಶಿಷ್ಯ ಚೆನ್ನವೀರ ಅಲ್ಲೇ ನಿಂತಿದ್ದ. ಕೈಯಲ್ಲಿ ಗುರುಗಳಿಗೆ ತಂದ ಕಷಾಯದ ಬಟ್ಟಲು. ಬಟ್ಟಲಿನ ಕಷಾಯ ಆರಿತು. ಚೆನ್ನವೀರನ ಹೊಟ್ಟೆಯೊಳಗಿನದು ಆರಲಿಲ್ಲ.

ಅಂದಿನಿಂದ ಅಮೃತ ಉಂಡರೂ ತಪ್ಪು, ಬಿಟ್ಟರೂ ತಪ್ಪು. ಅವನು ನಕ್ಕರೆ ಸೊಕ್ಕು. ಸುಮ್ಮನಿದ್ದರೆ ಇನ್ನೂ ದೊಡ್ಡ ಸೊಕ್ಕು. ಆಚೆ ದಂಡೆಯ ಜನ ಬಾಗಿಲಿಗೆ ಬಂದು, ಇದೇ ಚೆನ್ನವೀರನನ್ನು ಹಿಡಿದು, "ಅಮೃತಪ್ನೋರು ಅದಾರೇನ್ರಿ?" ಎಂದು ಕೇಳುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ಅವನಿಗೆ ಬಾಯಲ್ಲಿಟ್ಟ ತುತ್ತು ಕಹಿಯಾಗುತ್ತಿತ್ತು.

ಸಂಜೆ ಗುರುಗಳ ಕಾಲು ಒತ್ತುವುದು ಮೊದಲಿನಿಂದಲೂ ಚೆನ್ನವೀರನ ಕೆಲಸ. ಕೋಣೆಯ ಬಾಗಿಲು ಮುಚ್ಚಿಕೊಂಡು ಅವನು ಒತ್ತಲು ಕೂರುತ್ತಿದ್ದ.

"ಬಾಗಿಲಾ ತೆಗಿಯೋ. ಹೊಳಿ ಕಾಣ್ಲಿ," ಎಂದರು ಒಂದು ದಿನ ಗುರುಗಳು.

"ಥಂಡಿ ಗಾಳಿ ಐತಿ ಅಪ್ಪಾರೆ. ಇವತ್ತು ಅಮೃತ ಏನ್ ಮಾಡಿದಾ ಗೊತ್ತೇನ್ರಿ? ಕುಂಬಾರ ಅಣ್ಣ-ತಮ್ಮರ ಒಂದು ಜಗಳಕ್ಕ ಇಡೀ ದಿನಾ ತಗೊಂಡ. ನಾ ಆಗಿದ್ರ ಅರ್ಧಾ ತಾಸಿನ್ಯಾಗ ಮುಗಿಸ್ತಿದ್ದೆ."

"ಮೆಲ್ಲಕ ಒತ್ತು. ನೋಯ್ತೈತಿ."

"ನೋಯದ ಏನ್ ಮಾಡ್ತೈತ್ರಿ? ನನಗೂ ನೋಯ್ತೈತಿ! ನಾ ಬಂದ ಎಷ್ಟ ವರ್ಷಕ್ಕ ಅವ ಬಂದ? ಕಲ್ಲಿನ ಮ್ಯಾಲೆ ನಾ ಯಾಕ ಕೂಡಬಾರ್ದು?"

ಗುರುಗಳು ಕಾಲು ಎಳೆದುಕೊಂಡರು. ಕೆಮ್ಮಿ, ನೀರು ಕುಡಿದು, ಗೋಡೆಗೆ ಒರಗಿದರು.

"ಮರ ಕೊಯ್ಯೋರು ಕೆಲಸಾ ಬಿಟ್ಟು ಕುಂತಾರ," ಎಂದರು. "ಅವರ ಜಗಳ ನಿಂದು, ಹೋಗು."

ಚೆನ್ನವೀರನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಜಗಳದ ಹಿನ್ನೆಲೆ ಹೀಗೆ. ಮಠದ ದೋಣಿ ಹೋದ ಮಳೆಗಾಲದಲ್ಲಿ ಒಡೆದಿತ್ತು. ಹೊಳೆ ತುಂಬುವ ಮೊದಲು ಹೊಸದಾಗದಿದ್ದರೆ ಆಚೆ ದಂಡೆಯವರು ಆಚೆಗೇ, ಈಚೆಯವರು ಈಚೆಗೇ. ಒಬ್ಬ ಪುಣ್ಯಾತ್ಮ ದೊಡ್ಡ ಮತ್ತಿ ಮರದ ದಿಮ್ಮಿ ಕೊಟ್ಟಿದ್ದ. ಅದನ್ನು ಹಲಗೆಯಾಗಿ ಕೊಯ್ಯಲು ಮೌನಪ್ಪ, ಹುಲಿಗೆಪ್ಪ ಎಂಬ ಇಬ್ಬರು ಬಂದಿದ್ದರು.

ಕೊಯ್ಯಲೆಂದೇ ತೋಡಿದ ಗುಂಡಿಯ ಮೇಲೆ ದಿಮ್ಮಿ ಅಡ್ಡ ಮಲಗಿತ್ತು. ಮೌನಪ್ಪ ದಿಮ್ಮಿಯ ಮೇಲೆ ನಿಂತು, ಗೆರೆ ನೋಡುತ್ತ ಗರಗಸ ಎತ್ತುವವನು. ಹುಲಿಗೆಪ್ಪ ಗುಂಡಿಯೊಳಗೆ ನಿಂತು, ಅದನ್ನು ಕೆಳಕ್ಕೆ ಎಳೆಯುವವನು. ಮದುವೆಯಾದ ಹೊಸದರಲ್ಲಿ ಹಿಡಿದ ಗರಗಸ, ಮೊಮ್ಮಕ್ಕಳಾದರೂ ಬಿಟ್ಟಿರಲಿಲ್ಲ. ಈಗ ಮಾತೇ ಬಿಟ್ಟಿದ್ದರು.

ಚೆನ್ನವೀರ ಅವರನ್ನು ನಡುಗಲ್ಲಿಗೆ ಕರೆಯಲಿಲ್ಲ. ಕಟ್ಟಳೆ ಹಿಡಿದು ಕೂತರೆ ದಿನ ಹೋಗುತ್ತದೆ, ಅಮೃತನಿಗಿಂತ ಬೇಗ ಮುಗಿಸಬೇಕಲ್ಲ! ಹುಲಿಗೆಪ್ಪನನ್ನು ಹೊಳೆಯ ಮೆಟ್ಟಿಲ ಮೇಲೆ ಕಂಡ.

"ದಿನಾ ಮರದ ಹೊಟ್ಟು ನನ್ನ ಕಣ್ಣಾಗ ಬೀಳ್ತೈತ್ರಿ," ಎಂದ ಹುಲಿಗೆಪ್ಪ. "ಜನಾ ಮಾತ್ರ ಮೌನಪ್ಪನ ಹಲಗಿ ಅಂತಾರ. ನಾ ಗುಂಡ್ಯಾಗ ಇರೋದು ಯಾರಿಗೂ ಕಾಣಂಗಿಲ್ಲ."

ಮೌನಪ್ಪನನ್ನು ಅಡುಗೆಮನೆಯ ಹಿತ್ತಿಲಲ್ಲಿ ಕಂಡ. ಹೆಸರಿಗೆ ಮೌನಪ್ಪ, ಬಾಯಿ ಬಿಟ್ಟರೆ ಊರಿಗೆಲ್ಲ ಕೇಳಬೇಕು. "ಅವ ಗರಗಸಕ್ಕ ಜೋತು ಬೀಳ್ತಾನ್ರಿ! ಗರಗಸದ ಕೂಡ ಅವನ್ನೂ ಎತ್ತಬೇಕು ನಾನು. ರಟ್ಟಿ ಬಿದ್ದು ಹೋಗ್ಯಾವು!"

ಚೆನ್ನವೀರ ಗಡ್ಡ ನೀವಿಕೊಂಡ. ನ್ಯಾಯ ಎದುರಿಗೇ ಕಾಣುತ್ತಿತ್ತು. ಒಬ್ಬನಿಗೆ ಕೆಳಗಿನ ಕಷ್ಟ, ಒಬ್ಬನಿಗೆ ಮೇಲಿನ ಕಷ್ಟ. ಅದಲು ಬದಲು ಮಾಡಿದರೆ ಮುಗಿಯಿತು.

"ನಾಳಿಂದ ಹುಲಿಗೆಪ್ಪ ಮ್ಯಾಲೆ, ಮೌನಪ್ಪ ಕೆಳಗ," ಎಂದು ಇಬ್ಬರನ್ನೂ ಕರೆದು ತೀರ್ಪು ಕೊಟ್ಟ. ಇಬ್ಬರೂ ಏನೋ ಹೇಳಲು ಬಾಯಿ ತೆರೆದರು. ಚೆನ್ನವೀರ ಆಗಲೇ ಮಠದ ಕಡೆ ತಿರುಗಿದ್ದ. ದಾರಿಯಲ್ಲಿ ಬೇವಿನ ಮರದ ಬಳಿ ಬೇಕೆಂದೇ ನಿಧಾನ ಮಾಡಿದ. ಅಮೃತ ಅಲ್ಲಿ ಇಬ್ಬರು ಬೆಸ್ತರ ನಡುವೆ ಇನ್ನೂ ಕೂತೇ ಇದ್ದ. ಎಷ್ಟೋ ದಿನಗಳ ಮೇಲೆ ಆ ಹೊತ್ತು ಚೆನ್ನವೀರನಿಗೆ ಊಟ ರುಚಿಸಿತು.

ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಜೀವಮಾನವೆಲ್ಲ ಎಳೆದ ಹುಲಿಗೆಪ್ಪನ ಕೈಗೆ ಗೆರೆ ಹಿಡಿದು ಗೊತ್ತಿರಲಿಲ್ಲ. ಜೀವಮಾನವೆಲ್ಲ ಮೇಲೆ ನಿಂತ ಮೌನಪ್ಪ, ಹೊಟ್ಟು ಕಣ್ಣಿಗೆ ಬಿದ್ದ ಕೂಡಲೇ ಹೌಹಾರಿ ಗರಗಸವನ್ನು ಅಡ್ಡ ಎಳೆದ. ದೋಣಿಯ ತಳಕ್ಕೆಂದು ಗುರುತು ಮಾಡಿದ್ದ ಹಲಗೆ ಒಂದು ತುದಿಗೆ ದಪ್ಪ, ಇನ್ನೊಂದು ತುದಿಗೆ ರೊಟ್ಟಿಯಷ್ಟು ತೆಳು ಆಗಿ ಬಂತು.

ಮೊದಲು ಮಾತು ಬಿಟ್ಟಿದ್ದ ಇಬ್ಬರೂ ಈಗ ಮಾತಿಗೆ ಬಂದರು. ಎಂಥ ಮಾತು ಎಂದು ಇಲ್ಲಿ ಬರೆಯುವಂತಿಲ್ಲ.

ಸುದ್ದಿ ಕೇಳಿ ಅಮೃತನೂ ಬಂದ. ಹಲಗೆಯ ತೆಳು ತುದಿಯನ್ನು ಕೈಯಲ್ಲಿ ಮುಟ್ಟಿ ನೋಡಿದ, ಅಷ್ಟೇ.

ಚೆನ್ನವೀರ ಸೀದಾ ಕೋಣೆಗೆ ಹೋಗಿ ಬಟ್ಟೆ ಗಂಟು ಕಟ್ಟಿದ. ಗುರುಗಳ ಮುಂದೆ ಬಂದು ನಿಂತ.

"ನಾ ಹೋಗ್ತೀನಿ ಅಪ್ಪಾರೆ. ಅವ ನಗಾಕತ್ತಾನ."

"ನಕ್ಕನೇನು?"

"ಮಾರಿ ಮ್ಯಾಲೆ ನಗಲಿಲ್ಲ. ಒಳಗ ನಕ್ಕಾನ."

"ಒಳಗಿಂದು ನಿನಗ ಹೆಂಗ ಕಾಣ್ತೋ?"

ಚೆನ್ನವೀರ ಗಂಟನ್ನು ಬಗಲಿಗೆ ಸಿಕ್ಕಿಸಿಕೊಂಡ. "ಒಂದು ಮಠದಾಗ ಅವ ಇರ್ಬೇಕು, ಇಲ್ಲಾ ನಾ ಇರ್ಬೇಕು. ನೀವಾ ಹೇಳ್ರಿ."

"ಹೋಗಂತಿ," ಎಂದರು ಗುರುಗಳು. "ಕೂಡಿ ದುಡಿದೋರು ಬಿಟ್ಟು ಹೋಗೋ ಮೊದಲು ಎಲ್ಲಿ ಕುಂತು ಹೋಗ್ಬೇಕು?"

ಕೋಲೂರಿ ಅವರೇ ಮುಂದೆ ನಡೆದರು. ಬಹಳ ದಿನಗಳ ಮೇಲೆ ನಡುಗಲ್ಲಿನ ಮೇಲೆ ಕೂತರು. ಆಚೆ ಅಮೃತ, ಈಚೆ ಚೆನ್ನವೀರ. ಮರ ಕೊಯ್ಯುವ ಇಬ್ಬರೂ ತಮ್ಮ ಜಗಳ ನಿಲ್ಲಿಸಿ ನೋಡಲು ಬಂದರು. ಪರರ ಜಗಳ ಯಾರಿಗೆ ಬೇಡ!

"ಅಮೃತಾ, ಅಣ್ಣನ ದೂರು ಹೇಳು," ಎಂದರು ಗುರುಗಳು.

ಅಮೃತ ನೆಲ ನೋಡುತ್ತ ಹೇಳಿದ. "ಅಣ್ಣ ನನಗಿಂತ ಮೊದಲು ಬಂದಾನ. ನಿಮ್ಮ ಕೆಮ್ಮಿಗೆ ಕಷಾಯ ಕುದಿಸಿದೋನು, ಜ್ವರದಾಗ ನಿಮ್ಮನ್ನ ಹೊತ್ಕೊಂಡು ಹೊಳಿ ದಾಟಿದೋನು ಅವನಾ. ಆದರ ಕೈ ಹಿಡಿದು ಕೂಡಿಸೋ ಹೊತ್ತಿಗೆ ನೀವು ಅವನ ಕಡೆ ನೋಡಲಿಲ್ಲ. ಒಂದು ಮಾತೂ ಕೇಳಲಿಲ್ಲ. ಜನರ ಎದುರಿಗೆ ಅವ ಬಟ್ಟಲಾ ಹಿಡ್ಕೊಂಡು ನಿಂತಿದ್ದ."

ಆ ಬಟ್ಟಲು ಯಾರಿಗೂ ಕಂಡಿಲ್ಲ ಎಂದು ಚೆನ್ನವೀರ ಅಂದುಕೊಂಡಿದ್ದ. ಬೇಡವೆಂದರೂ ಅವನ ತಲೆ ಆಡಿತು.

"ಇನ್ನ ನೀ ಹೇಳು. ಅಮೃತನ ದೂರೇನು?"

"ಅವನಿಗೇನ್ ದೂರು? ಕಲ್ಲು ಸಿಕ್ಕೈತಿ, ಹೆಸರು ಸಿಕ್ಕೈತಿ." ಅಮೃತ ಅಲ್ಲಗಳೆದ. "ನಾ ಅವನ ಕೂಡ ಮಾತಾಡಂಗಿಲ್ಲ, ಅದಾ?" ಅದೂ ಅಲ್ಲ. "ನಾ ಅವನ ಮ್ಯಾಲೆ ಚಾಡಿ ಹೇಳ್ತೀನಿ, ಅದಾ?"

"ಚಾಡಿ ಹೇಳ್ತಿದ್ದೇನಣ್ಣಾ? ನನಗ ಗೊತ್ತಿರ್ಲಿಲ್ಲ," ಎಂದ ಅಮೃತ.

ಹುಲಿಗೆಪ್ಪ ಕಿಸಕ್ಕನೆ ನಕ್ಕ. ಗುರುಗಳು ಕೋಲಿನಿಂದ ದಿಮ್ಮಿಯ ಕಡೆ ತೋರಿಸಿದರು.

"ಬಾಯಿಗೆ ಬರದಿದ್ರ ಕೈಗೆ ಬರ್ಲಿ. ಇನ್ನೊಂದು ತಳಹಲಗಿ ಬೇಕಲ್ಲ, ಇಬ್ರೂ ಕೊಯ್ರಿ. ಚೆನ್ನವೀರಾ, ನೀ ಗುಂಡ್ಯಾಗ ಇಳಿ."

ಅಮೃತ ದಿಮ್ಮಿ ಹತ್ತಿದ, ಚೆನ್ನವೀರ ಬಟ್ಟೆ ಗಂಟನ್ನು ಕಲ್ಲಿನ ಬಳಿ ಇಟ್ಟು ಗುಂಡಿಗಿಳಿದ. ಗುಂಡಿಯೊಳಗಿನಿಂದ ನೋಡಿದರೆ ಅಮೃತ ಮೊದಲಿಗಿಂತ ಎತ್ತರ ಕಂಡ. ಹೊಟ್ಟೆಕಿಚ್ಚಿಗೆ ಇನ್ನೇನು ಬೇಕು? ಚೆನ್ನವೀರ ಗರಗಸ ಹಿಡಿದು ಇದ್ದ ಬಲವೆಲ್ಲ ಹಾಕಿ ಜಗ್ಗಿದ. ಅಮೃತ ಎತ್ತುವಾಗಲೂ ಬಿಡದೆ ಜೋತುಬಿದ್ದ. ಗರಗಸ ಬಾಗಿ ಕಿರುಗುಟ್ಟಿತು.

"ಜೋತು ಬೀಳಬ್ಯಾಡ್ರಿ ಚೆನ್ನವೀರಪ್ನೋರೆ!" ಗುಂಡಿಯ ಅಂಚಿನಿಂದ ಹುಲಿಗೆಪ್ಪ ಕೂಗಿದ. "ಅವರು ಎತ್ತೋ ಮುಂದ ಕೈ ಸಡಿಲ ಬಿಡ್ರಿ! ಮ್ಯಾಲಿನೋರ ರಟ್ಟಿ ಹೋಗ್ತಾವು!"

"ಅಮೃತಪ್ನೋರೆ, ತಡೀರಿ!" ಮೌನಪ್ಪನ ದನಿ ಅದಕ್ಕೂ ಮೇಲೆ ಹೋಯಿತು. "ಗೆರಿ ಮ್ಯಾಲಿನ ಹೊಟ್ಟು ಊದೋ ಮೊದಲು ಒಂದು ಮಾತು ಕೂಗ್ರಿ! ಕೆಳಗಿನೋರ ಕಣ್ಣು ಹೋಗ್ತಾವು! ಅವರು ನಿಮಗ ಕಾಣಂಗಿಲ್ಲ, ಆದ್ರ ಅಲ್ಲಿ ಅದಾರ!"

ಕೂಗಿ ಮುಗಿಸಿದ ಮೇಲೆ ಇಬ್ಬರಿಗೂ ತಾವು ಯಾರ ದೂರು ಹೇಳಿದೆವೆಂದು ಹೊಳೆಯಿತು. ಮೌನಪ್ಪ ಹುಲಿಗೆಪ್ಪನ ಮುಖ ನೋಡಿದ. ಹುಲಿಗೆಪ್ಪ ನಿಧಾನವಾಗಿ ತಲೆಯಾಡಿಸಿದ. ಆಮೇಲೆ ಮೌನಪ್ಪನೂ ಆಡಿಸಿದ.

ಗುಂಡಿಯೊಳಗಿದ್ದವನಿಗೆ ಇದು ಕಾಣಲಿಲ್ಲ. ಅವನ ಕಣ್ಣು ತುಂಬ ಹೊಟ್ಟು. ಒರೆಸಿಕೊಂಡು ಮೇಲೆ ನೋಡಿದರೆ ಗರಗಸ ಗೆರೆ ಬಿಟ್ಟು ಸರಿದಿತ್ತು. ಅಮೃತನ ಕಣ್ಣು ಗೆರೆಯ ಮೇಲೆ ಇರಲೇ ಇಲ್ಲ. ಅವನು ಬೇವಿನ ಮರದ ಕಡೆ ನೋಡುತ್ತಿದ್ದ.

"ಗೆರಿ ನೋಡೋ!" ಎಂದು ಚೆನ್ನವೀರ ಗದರಿದ. "ಎಲ್ಲಿ ನೋಡಾಕತ್ತಿ?"

"ಅಪ್ಪಾರು ಕೆಮ್ಮಿದರು."

"ಅದೇನ್ ಹೊಸಾದಾ? ದಿನಾ ಕೆಮ್ತಾರ."

"ನಿನಗ ದಿನಾ ಕೇಳ್ತೈತಣ್ಣಾ," ಎಂದ ಅಮೃತ.

ಚೆನ್ನವೀರನ ಕೈ ಗರಗಸದಿಂದ ಜಾರಿತು.

ದಿನವೂ ಸಂಜೆ ತಾನು ಮುಚ್ಚುವ ಬಾಗಿಲು ಅವನಿಗೆ ನೆನಪಾಯಿತು. ಬಾಗಿಲ ಆಚೆ, ಜಗಲಿಯ ಮೇಲೆ, ಯಾರೋ ಸ್ವಲ್ಪ ಹೊತ್ತು ನಿಂತು ಹೋಗುವ ಹೆಜ್ಜೆ ಸಪ್ಪಳವೂ ನೆನಪಾಯಿತು. ಆ ಸಪ್ಪಳ ಅವನಿಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೇ ಅಗುಳಿ ಹಾಕುತ್ತಿದ್ದ. ಹಾಕುವಾಗ ಸುಖವಾಗುತ್ತಿತ್ತು. ಈಗ ನಾಚಿಕೆಯಾಯಿತು.

ಗುಂಡಿಯಿಂದ ಹತ್ತಿ ಬಂದ. ಹಿಂದೆಯೇ ಅಮೃತ. ಮೌನಪ್ಪ, ಹುಲಿಗೆಪ್ಪ ಯಾರೂ ಹೇಳದೆಯೇ ಗರಗಸ ಕೈಗೆತ್ತಿಕೊಂಡರು. ತಮ್ಮ ಗರಗಸಕ್ಕಾದ ಗತಿ ಅವರಿಗೆ ನೋಡಲಾಗುತ್ತಿರಲಿಲ್ಲ. ಮೌನಪ್ಪ ಮೇಲೆ, ಹುಲಿಗೆಪ್ಪ ಕೆಳಗೆ, ಮೊದಲಿನ ಹಾಗೆಯೇ. ಆದರೆ ಕೊಯ್ಯುವ ಮೊದಲು ಮೌನಪ್ಪ ದಿಮ್ಮಿಯ ತಲೆಯ ಮೇಲೆ ಕೊಯ್ದವನೆಂಬ ತನ್ನ ಗುರುತಿನ ಪಕ್ಕ ಹುಲಿಗೆಪ್ಪನ ಗುರುತನ್ನೂ ಹಾಕಿದ. "ಊದ್ತೀನೋ, ಕಣ್ಣು ಮುಚ್ಚು!" ಎಂದು ಅವನು ಕೂಗುವುದು ಹೊಳೆಯ ಆಚೆಗೂ ಕೇಳುತ್ತಿತ್ತು.

ಚೆನ್ನವೀರ ನಡುಗಲ್ಲಿನ ಈಚೆ ಕೂತ. ಗಡ್ಡದ ತುಂಬ ಹೊಟ್ಟು.

"ಅಮೃತ ಇಲ್ಲಿಗೆ ಬಂದಿದ್ದು ನಿಮ್ಮ ಹತ್ತರ ಇರಾಕ," ಎಂದ. "ಅವನಿಗೆ ಊರಿನ ಜಗಳೆಲ್ಲಾ ಸಿಕ್ಕಾವು, ನೀವು ಸಿಕ್ಕಿಲ್ಲ. ಸಂಜೀಕ ಅವ ಬರೋ ಹೊತ್ತಿಗೆ ಬಾಗಿಲಾ ಮುಚ್ಚಿರ್ತೈತಿ. ಮುಚ್ಚಿದೋನು ನಾನು." ಅಮೃತನ ಕಡೆ ತಿರುಗಿದ. "ನಿನಗೂ ನನ್ನ ಕಂಡ್ರ ಹೊಟ್ಟಿ ಉರೀತೈತಿ."

ಅಮೃತನ ಕಣ್ಣು ತುಂಬಿ ಬಂತು. "ಹೌದಣ್ಣಾ, ಇದಾ ಅದು. ಮಧ್ಯಾಹ್ನ ಒಂದು ಗಳಿಗಿ ಅಪ್ಪಾರು ಸಿಕ್ರ, ನನ್ನ ತೀರ್ಪು ಸರಿ ಇತ್ತೇನ್ರಿ ಅಂತ ಕೇಳೋದ್ರಾಗ ಆ ಗಳಿಗೀನೂ ಮುಗೀತಿತ್ತು."

ಚೆನ್ನವೀರ ಕಲ್ಲಿನ ಬಳಿಯ ಬಟ್ಟೆ ಗಂಟನ್ನು ಬಿಚ್ಚಿದ. ಎದೆ ಹಗುರಾಗಿತ್ತು. ಪೂರಾ ಅಲ್ಲ. ಹೊಟ್ಟೆಯ ಮೂಲೆಯಲ್ಲಿ ಒಂದು ಕೆಂಡ ಇನ್ನೂ ಇತ್ತು, ಅದನ್ನು ಅವನು ಮುಚ್ಚಿಡಲಿಲ್ಲ.

"ಅಪ್ಪಾರೆ, ಸಂಜೀಕ ಕಾಲು ಅಮೃತನೂ ಒತ್ಲಿ. ಆದ್ರ ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಾಳಿಂದ ಕಲ್ಲಿನ ಮ್ಯಾಲೆ ಯಾರು?"

ಅಮೃತನೂ ಮುಖ ಎತ್ತಿದ. ಅವನಿಗೂ ಅದೇ ತಿಳಿಯಬೇಕಿತ್ತು.

ಗುರುಗಳು ಇಬ್ಬರನ್ನೂ ನೋಡಿದರು. ಕೆಮ್ಮಿದರು. ಕೋಲೂರಿ ಎದ್ದು, ಕಲ್ಲನ್ನು ಖಾಲಿ ಬಿಟ್ಟು, ಆಚೆ ಬದಿಗೆ ಬಂದು ನೆಲದ ಮೇಲೆ ಕೂತರು. ಅಮೃತನನ್ನು ಚೆನ್ನವೀರನ ಪಕ್ಕಕ್ಕೆ ಕಳಿಸಿದರು.

"ಕಲ್ಲು ಇರ್ಲಿ. ಇಬ್ರೂ ನನ್ನ ಎದುರಿಗೆ ಕೂಡ್ರಿ," ಎಂದರು. "ಈಗ ನನ್ನ ದೂರು ಏನಂತ ಹೇಳ್ರಿ ನೋಡೋಣ."