ಹದ ನೋಡುತ್ತ ಕೂತವನು

"ಗುರುಗಳೇ, ಮನುಷ್ಯ ಒಂದು ಕೆಲಸಕ್ಕೆ ರೆಡಿಯಾಗಿದ್ದಾನೆ ಎಂದು ಗೊತ್ತಾಗುವುದು ಹೇಗೆ?" ಎಂದು ಬೋರಲಿಂಗ ಕೇಳಿದ.

ಬೆಳಗಿನಿಂದ ಅವನು ನಿಂತಲ್ಲಿ ನಿಂತಿರಲಿಲ್ಲ. ಚಪ್ಪಲಿ ಮೆಟ್ಟಿ ಮಠದ ಬಾಗಿಲವರೆಗೆ ಹೋಗುವುದು, ತಿರುಗಿ ಬಂದು ಚಪ್ಪಲಿ ಬಿಡುವುದು, ಇದೇ ಆಗಿತ್ತು. ಕೆಲವು ದಿನಗಳ ಹಿಂದೆ ಪಕ್ಕದೂರಿನಲ್ಲಿ ಅವನ ಬಾಲ್ಯದ ಗೆಳೆಯನ ಮಗ ತೀರಿಹೋಗಿದ್ದ. ಮಠದವರೆಲ್ಲ ಹೋಗಿ ಮಾತಾಡಿಸಿಕೊಂಡು ಬಂದಿದ್ದರು. ಗೆಳೆಯ ಒಂದು ಹನಿ ಕಣ್ಣೀರು ಹಾಕದೆ ಬಾಗಿಲ ಕಡೆಯೇ ನೋಡುತ್ತ ಕೂತಿದ್ದಾನೆ ಎಂದು ಹೇಳಿದ್ದರು. ಬೋರಲಿಂಗ ಮಾತ್ರ ಹೋಗಿರಲಿಲ್ಲ. ಹೆತ್ತ ಮಗನನ್ನು ಮಣ್ಣು ಮಾಡಿದವನಿಗೆ ಏನೆಂದು ಹೇಳುವುದು? ಒಂದು ಮಾತು ಹೊಂದಿಸಿಕೊಳ್ಳುತ್ತಿದ್ದ, ಅದು ಸಪ್ಪೆ ಅನ್ನಿಸುತ್ತಿತ್ತು. ಇನ್ನೊಂದು ಹೊಂದಿಸುತ್ತಿದ್ದ, ಅದು ಪುರಾಣದಂತೆ ಕೇಳಿಸುತ್ತಿತ್ತು. ಹೋಗಬೇಕೆಂಬ ಸಂಕಟ, ಕಾಲಿಗೆ ಮಾತ್ರ ದಾರಿಯಿಲ್ಲ.

ಗುರುಗಳು ಹೇಳಿದರು: "ಒಳ್ಳೆ ಇಂಗ್ಲಿಷ್ ಮಾತು ಹಿಡಿದೆಯಪ್ಪ. ದರ್ಜಿ 'ಅಂಗಿ ರೆಡಿ' ಎನ್ನುತ್ತಾನೆ, ಗುಂಡಿಯೇ ಇರುವುದಿಲ್ಲ. ಹೋಟೆಲಿನವನು 'ದೋಸೆ ರೆಡಿ' ಎನ್ನುತ್ತಾನೆ, ಕಾವಲಿ ಇನ್ನೂ ಕಾದಿರುವುದಿಲ್ಲ. ಇಲ್ಲದ್ದನ್ನು ಇದೆ ಎನ್ನುವವರು ಇವರು. ಇದ್ದದ್ದನ್ನು ಇಲ್ಲ ಎಂದವನೊಬ್ಬನಿದ್ದ, ಕೇಳು."

ಒಬ್ಬ ರೈತ ಆಲೆಮನೆಯಲ್ಲಿ ಬೆಲ್ಲ ಮಾಡಿಸುತ್ತಿದ್ದ. ಪಾಕದ ಹದ ನೋಡುವುದು ಅವನ ದೊಡ್ಡಪ್ಪನ ಕೆಲಸ. ಒಂದು ವರ್ಷ ದೊಡ್ಡಪ್ಪ ಹಾಸಿಗೆ ಹಿಡಿದ. "ಪಾಕವನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉರುಳಿಸಿ ನೋಡು. ಉಂಡೆ ಕಟ್ಟಿತೋ, ಆ ಕ್ಷಣವೇ ಇಳಿಸು" ಎಂದು ಹೇಳಿ ಕಳಿಸಿದ.

ರೈತ ಪಾಕ ಬಿಟ್ಟು ನೋಡಿದ. ಉಂಡೆ ಕಟ್ಟಿತು. ಕೊಪ್ಪರಿಗೆ ಎತ್ತಲು ಆಳುಗಳು ಕೈಯೊಡ್ಡಿದರು. "ತಡೀರಿ" ಎಂದ. ಇನ್ನೊಮ್ಮೆ ನೋಡಿದ. ಕಟ್ಟಿತು. ಆದರೂ ಅವನಿಗೆ ಧೈರ್ಯ ಸಾಲದು. ವರ್ಷದ ಮೊದಲ ಪಾಕ, ಕೆಟ್ಟರೆ ಊರು ನಗುತ್ತದೆ. ಮತ್ತೊಮ್ಮೆ ಬಿಟ್ಟು ನೋಡಿದ. ಕೆಳಗೆ ಬೆಂಕಿ ಉರಿಯುತ್ತಲೇ ಇತ್ತು. ಕೊನೆಗೆ ಆಲೆಮನೆಯ ತುಂಬ ಸೀದ ವಾಸನೆ ಎದ್ದಿತು.

ರೈತ ಅಳುತ್ತ ದೊಡ್ಡಪ್ಪನ ಹತ್ತಿರ ಓಡಿದ.

"ಉಂಡೆ ಕಟ್ಲಿಲ್ವಾ ಮಗಾ?"

"ಮೊದಲ್ನೇ ಸಲಕ್ಕೇ ಕಟ್ತು ದೊಡ್ಡಪ್ಪ."

"ಮತ್ಯಾಕ್ಲಾ ಇಳಿಸ್ಲಿಲ್ಲ?"

"ನಾನಿನ್ನೂ ರೆಡಿ ಇರ್ಲಿಲ್ಲ."

"ಅಯ್ಯೋ ಹುಚ್ಚಪ್ಪ! ರೆಡಿ ಆಗ್ಬೇಕಾಗಿದ್ದು ಬೆಲ್ಲ ಕಣ್ಲಾ, ನೀನಲ್ಲ" ಎಂದ ದೊಡ್ಡಪ್ಪ.

ಗುರುಗಳು ಕತೆ ಮುಗಿಸಿದರು. ಬೋರಲಿಂಗನಿಗೆ ಕತೆ ಅರ್ಥವಾಯಿತು, ಸಂಕಟ ತೀರಲಿಲ್ಲ. ಮತ್ತೆ ಎದ್ದು ನಿಂತ.

"ಬೆಲ್ಲದ ಮಾತು ಸರಿ ಗುರುಗಳೇ. ಆದರೆ ಅವನ ಮುಂದೆ ಕೂತು ನಾನು ಏನು ಹೇಳಲಿ? ನನ್ನ ಹತ್ತಿರ ಒಂದು ಮಾತೂ ರೆಡಿ ಇಲ್ಲವಲ್ಲ!"

ಗುರುಗಳು ಅವನ ಮುಖ ನೋಡಿದರು.

"ನಿನ್ನ ಗೆಳೆಯ ಅಳುವುದಕ್ಕೆ ರೆಡಿಯಾಗಿ ಕೂತು ಎಷ್ಟು ದಿನವಾಯಿತಪ್ಪ?"

ಬೋರಲಿಂಗ ಚಪ್ಪಲಿಯನ್ನೂ ಮೆಟ್ಟದೆ ಬಾಗಿಲು ದಾಟಿದ.