ಕುಂಕುಮದ ಕೆಳಗೆ

ಮೋಕ್ಷ ಬೇಕೆಂದು ಹೊಳೆದಂಡೆಯ ಮಠಕ್ಕೆ ಬಂದ ಅಡಿವೆಪ್ಪನಿಗೆ ಗುರುಗಳು ಮೊದಲ ದಿನವೇ ಕಬ್ಬಿಣ ಕಡೆಯುವ ಒಂದು ಹಳೆಯ ಲೇತ್ ಯಂತ್ರ ತೋರಿಸಿದ್ದರು. ಯಾರೋ ಭಕ್ತರು ಆಕಳ ಬದಲು ಅದನ್ನು ದಾನ ಕೊಟ್ಟಿದ್ದರು.

"ಇದನ್ನ ನೋಡಿಕೋ," ಎಂದಿದ್ದರು.

ಅಡಿವೆಪ್ಪ ನೋಡಿಕೊಂಡ. ದಿನವೂ ಒರೆಸಿದ. ಸಣ್ಣಪುಟ್ಟ ಸರಳು ಕಡೆಯುವಷ್ಟು ಕೆಲಸ ಕಲಿತ, ಗೇರು ಬದಲಾಯಿಸುವ ಪ್ರಸಂಗ ಮಾತ್ರ ಬರಲಿಲ್ಲ. ಪ್ರತಿ ಆಯುಧಪೂಜೆಗೆ ಎಣ್ಣೆಯಲ್ಲಿ ಕಲಸಿದ ಕುಂಕುಮ ಇಟ್ಟ. ಲೇತಿನ ಎಡಗಡೆ, ಗೇರುಗಳನ್ನು ಹಿಡಿದುಕೊಂಡಿರುವ ಬ್ರಾಕೆಟ್ಟಿನಲ್ಲಿ, ಬೆರಳ ತುದಿ ಕೂರುವಷ್ಟು ಒಂದು ಗುಳಿಯಿತ್ತು. ಕುಂಕುಮಕ್ಕೆಂದೇ ಮಾಡಿಟ್ಟಂತಿತ್ತು. ಯಂತ್ರ ಮಾಡಿದವರ ಭಕ್ತಿಗೆ ಅವನು ಮನಸ್ಸಿನಲ್ಲೇ ಕೈಮುಗಿಯುತ್ತಿದ್ದ.

ಒಂದು ಬೆಳಿಗ್ಗೆ ದೋಣಿಯ ದುರುಗಪ್ಪ ಓಡುತ್ತ ಬಂದ. ಕೈಯಲ್ಲಿ ದೋಣಿ ಇಂಜಿನ್ನಿನ ತುಂಡಾದ ಬೋಲ್ಟಿತ್ತು.

"ಅಡಿವೆಪ್ಪಣ್ಣ, ಇಂಥಾದ್ದೊಂದು ಮಾಡಿಕೊಡು. ಈ ಥ್ರೆಡ್ಡಿಂದು ಪ್ಯಾಟ್ಯಾಗ ಸಿಗಂಗಿಲ್ಲ. ಆಚೆ ದಂಡ್ಯಾಗ ನನ್ನ ಮಗಳಿಗೆ ಹೆರಿಗಿ ಬ್ಯಾನಿ ಸುರುವಾಗೈತಿ. ದವಾಖಾನಿ ಈಚೆಗೈತಿ."

ಬೋಲ್ಟಿನ ಮೈಮೇಲೆ ಥ್ರೆಡ್ಡಿನ ಸುತ್ತು ಕೊರೆಯಬೇಕಾದರೆ ಗೇರು ಬದಲಾಯಿಸಬೇಕು. ಗೇರು ಬದಲಾಯಿಸಬೇಕಾದರೆ ಬ್ರಾಕೆಟ್ ಸರಿಯಬೇಕು. ಅಡಿವೆಪ್ಪ ದೊಡ್ಡ ನಟ್ಟು ಸಡಿಲಿಸಿ ತಳ್ಳಿದ.

ಬ್ರಾಕೆಟ್ ಸಮಾಧಿಯಲ್ಲಿತ್ತು.

ಎಣ್ಣೆ ಬಿಟ್ಟ. ಬೆಂಕಿ ಹಿಡಿದ. ಕೊನೆಗೆ ಪಂಚಾಕ್ಷರಿಯನ್ನೂ ಹೇಳಿ ನೋಡಿದ.

"ಮಂತ್ರಕ್ಕ ಜಗ್ಗದ್ದು ಸುತ್ತಿಗಿಗೆ ಜಗ್ಗತೈತಿ. ಹೊಡಿಯಣ್ಣ!" ಎಂದ ದುರುಗಪ್ಪ.

ಅಡಿವೆಪ್ಪ ಸುತ್ತಿಗೆ ಎತ್ತಿದ.

"ಅದು ಬೀಡಿನ ಕಬ್ಬಿಣ," ಎಂದರು ಬಾಗಿಲಲ್ಲಿ ನಿಂತಿದ್ದ ಗುರುಗಳು. "ಬಗ್ಗಂಗಿಲ್ಲ, ಒಡೀತೈತಿ. ಆಮ್ಯಾಲ ಇವನ ಮಗಳಿಗೆ ಸುತ್ತಿಗಿ ಕಳಸ್ತೀಯೇನು?"

ಸುತ್ತಿಗೆ ಕೆಳಗಿಳಿಯಿತು.

"ಹಂಗಾದ್ರ ಇದಕ್ಕ ಇನ್ನೇನು ಹಚ್ಚಲ್ರಿ, ಅಜ್ಜಾರ?"

"ಹಚ್ಚಿದ್ದು ಸಾಲದೇನು?"

ಗುರುಗಳು ಹೆಗಲ ಮೇಲಿನ ಕಾವಿ ವಸ್ತ್ರದ ತುದಿಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ಅವನ ಕೈಗೆ ಕೊಟ್ಟರು.

"ಒರಸು."

"ಎಲ್ಲಿ?"

"ನೀ ಕೈಮುಗಿಯೋ ಕಡೆ."

ಅಡಿವೆಪ್ಪ ದುರುಗಪ್ಪನ ಮುಖ ನೋಡಿದ. ಒರೆಸಿದ.

ಕುಂಕುಮ ಕಲ್ಲಾಗಿತ್ತು. ಮೊಳೆ ಹಿಡಿದು ಕೆರೆದ. ಈ ವರ್ಷದ ಕೆಂಪು ಎದ್ದಿತು. ಅದರಡಿ ಹೋದ ವರ್ಷದ್ದು, ಅದರಡಿ ಅದರ ಹಿಂದಿನದು. ತನ್ನ ಭಕ್ತಿ ಇಷ್ಟು ದಪ್ಪವಿದೆಯೆಂದು ಅವನಿಗೇ ಗೊತ್ತಿರಲಿಲ್ಲ.

ಕೊನೆಯ ಪದರದ ಕೆಳಗೆ ಏನೋ ಮಿನುಗಿತು.

ಒಂದು ಸ್ಕ್ರೂ. ನಿನ್ನೆ ತಾನೇ ಕೂರಿಸಿದಂತೆ ಬೆಳ್ಳಗಿತ್ತು. ಬ್ರಾಕೆಟ್ಟನ್ನು ಇಷ್ಟು ಹೊತ್ತೂ ಹಿಡಿದು ನಿಲ್ಲಿಸಿದ್ದು ಅದೇ.

ಅದನ್ನು ತಿರುಗಿಸಿ ಸಡಿಲಿಸಿದ. ಉಸಿರು ಬಿಗಿಹಿಡಿದು ಬ್ರಾಕೆಟ್ಟಿಗೆ ಕಿರುಬೆರಳು ತಾಗಿಸಿದ.

ಸರಿಯಿತು. ಸದ್ದಿಲ್ಲದೆ, ನಿಂತ ನೀರಿನಲ್ಲಿ ದೋಣಿ ಹೊರಳಿದ ಹಾಗೆ.

ದುರುಗಪ್ಪ ಸುತ್ತಿಗೆ ಎತ್ತಿ ಮೂಲೆಗಿಟ್ಟ.

ಗೇರುಗಳು ಕಚ್ಚಿಕೊಂಡವು. ಬೋಳು ಕಬ್ಬಿಣದ ಮೇಲೆ ಥ್ರೆಡ್ ಸುತ್ತಿಕೊಳ್ಳುತ್ತ ಸಾಗಿತು, ಒಂದೊಂದು ಸುತ್ತೂ ಹಿಂದಿನದರ ತದ್ರೂಪ. ಅಡಿವೆಪ್ಪ ರೆಪ್ಪೆ ಬಡಿಯಲಿಲ್ಲ. ಇಷ್ಟು ವರ್ಷ ಪೂಜಿಸಿದ್ದು ಇದನ್ನೇ ಎಂದು ಈಗ ನಂಬುವುದು ಕಷ್ಟವಾಯಿತು.

ದೋಣಿ ಆಚೆ ಹೋಗಿ ಮಗಳನ್ನು ಕರೆತಂದಿತು. ದಂಡೆಯ ಮೇಲೆ ಗಾಡಿ ಕಾದಿತ್ತು. ಸಂಜೆಯ ಹೊತ್ತಿಗೆ ದವಾಖಾನೆಯಿಂದ ಸುದ್ದಿ ಬಂತು. ಹೆಣ್ಣು ಕೂಸು. ಇಬ್ಬರೂ ಸುಖವಾಗಿದ್ದಾರೆ.

ಗುರುಗಳು ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು. ಅಡಿವೆಪ್ಪ ಬಂದು ಅವರ ಕಾಲ ಬಳಿ ಕುಸಿದ. ಕಣ್ಣು ತುಂಬಿತ್ತು. ಕುಂಕುಮದ ಬಟ್ಟಲು ಪಕ್ಕಕ್ಕಿಟ್ಟು, ಬೆರಳು ಅದ್ದಿ, ಪಾದದ ಕಡೆ ಕೈ ಚಾಚಿದ.

ಗುರುಗಳು ಕಾಲು ಹಿಂದಕ್ಕೆ ಎಳೆದುಕೊಂಡರು.

"ಬ್ಯಾಡೋ ತಮ್ಮಾ. ನಾ ಇನ್ನೂ ನಡೀಬೇಕು."