ಸಿಂಪಿಗೇರ ಮುರಿಗೆಪ್ಪನ ವೈರಿ ಅಂಗಿ

ಬಹಳ ಹಿಂದೆ, ನಮ್ಮ ಹೊಳೆಗೆ ಸೇತುವೆ ಇಲ್ಲದ ಕಾಲದಲ್ಲಿ, ಹೊಳೆಮುತ್ತಲ ಅನ್ನುವ ಒಂದೂರಿನಲ್ಲಿ ಒಬ್ಬ ಸಿಂಪಿಗ ಇದ್ದ. ಹೆಸರು ಮುರಿಗೆಪ್ಪ. ಇಸವಿ ಕೇಳಬೇಡಿ. ನನಗೆ ಹೇಳಿದವರು ಇಸವಿ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮುರಿಗೆಪ್ಪ ಯಾರ ಮೈಗೂ ಅಳತೆಪಟ್ಟಿ ಹಿಡಿದವನಲ್ಲವಂತೆ. ಗಿರಾಕಿ ಹೊಸ್ತಿಲು ದಾಟಿ ಒಳಗೆ ಬರುವಷ್ಟರಲ್ಲಿ ಇವನಿಗೆ ಅಳತೆ ಸಿಕ್ಕಿಬಿಡುತ್ತಿತ್ತಂತೆ. ಒಂದು ಅಂಗಿ ನೋಡಿ ಅಂಥದೇ ಇನ್ನೊಂದು ಹೊಲಿದು ಎರಡನ್ನೂ ಪಕ್ಕದಲ್ಲಿಟ್ಟರೆ, ಯಾವುದು ತನ್ನದು ಅಂತ ಅಂಗಿಯ ಒಡೆಯನೇ ತಬ್ಬಿಬ್ಬಾಗುತ್ತಿದ್ದನಂತೆ. ಹೇಳುವವರು ಒಂದಿಷ್ಟು ಕೂಡಿಸಿ ಹೇಳುತ್ತಾರೆ, ನಾನೂ ಕೂಡಿಸುತ್ತೇನೆ. ತೇಪೆಯ ಮಾತಿಗೆ ಮಾತ್ರ ಏನೂ ಕೂಡಿಸುವುದಿಲ್ಲ. ಅದು ಬಂದಾಗ ನಿಮಗೇ ತಿಳಿಯುತ್ತದೆ.

ಅವನಿಗೆ ಒಬ್ಬನೇ ಮಗ, ಮಾನಿಂಗ. ಎಡಚ. ಅಪ್ಪ ಎಷ್ಟು ಗದರಿದರೂ ಸೂಜಿ ಎಡಗೈಗೇ ಹೋಗುತ್ತಿತ್ತು. ಅಪ್ಪನ ಹೊಲಿಗೆ ಒಂದು ಕಡೆ ವಾಲಿದರೆ ಮಗನದು ಅದರ ಎದುರು ಕಡೆಗೆ. ಗಂಟು ಹಾಕಿದ ಮೇಲೂ ನಂಬಿಕೆಯಿಲ್ಲದೆ ಮೂರು ಸಲ ಹಿಂದಕ್ಕೆ ಹೊಲಿದು ದಾರ ಕಡಿಯುತ್ತಿದ್ದ. ತಾಯಿ ಕಾಶವ್ವ ನಗುತ್ತಿದ್ದಳು. "ಒಂದ ಗಂಟ ಸಾಲೂದಿಲ್ಲೇನೋ? ಅಂಗಿ ಎಲ್ಲಿ ಓಡಿ ಹೊಕ್ಕೈತಿ?"

ಆಮೇಲೆ ದೊಡ್ಡ ಲಡಾಯಿ ಬಂತು. ಊರಿನ ಹನ್ನೊಂದು ಮಂದಿ ಪಲ್ಟನ್ನು ಸೇರಿ ಹಡಗು ಹತ್ತಿದರು. ಕಡಲಾಚೆಯ ಉಸುಕಿನ ದೇಶದಲ್ಲಿ ಜರ್ಮನಿಯವರ ಎದುರು ಲಡಾಯಿ. ನಾಲ್ವರು ಮರಳಿ ಬಂದರು. ಉಳಿದ ಏಳು ಮನೆಗೆ ಕಾಗದ ಬಂತು. ಸತ್ತರು ಅಂತಲ್ಲ, ಪತ್ತೆಯಿಲ್ಲ ಅಂತ. ಅದರಲ್ಲಿ ಮಾನಿಂಗನದೂ ಒಂದು.

ಪತ್ತೆಯಿಲ್ಲದವನಿಗೆ ಏನು ಮಾಡಬೇಕು, ಹೇಳಿ. ಹೆಣವಿಲ್ಲ, ಮಣ್ಣು ಮಾಡುವಂತಿಲ್ಲ. ಎಡೆ ಇಡುವಂತಿಲ್ಲ, ಇಡದೆ ಇರುವಂತಿಲ್ಲ. ಮಾನಿಂಗನ ಹೆಂಡತಿ ಬಾಳವ್ವ ಕುಂಕುಮ ಹಚ್ಚಿಕೊಂಡರೆ ಒಂದು ಮಾತು, ಅಳಿಸಿದರೆ ಇನ್ನೊಂದು ಮಾತು. ಏಳೂ ಮನೆಯಲ್ಲಿ ಇದೇ ಗೋಳು.

ಆಗ ಮರಳಿ ಬಂದವರಲ್ಲಿ ಹಿರಿಯ, ಹವಾಲ್ದಾರ ದುರಗಪ್ಪ, ಒಂದು ದಾರಿ ಹೇಳಿದನಂತೆ. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಉಸುಕಿನಲ್ಲಿ ಆ ದಿನದ ಲಡಾಯಿಯನ್ನು ಆಡಿ ತೋರಿಸೋಣ. ಯಾರು ಎಲ್ಲಿ ಬಿದ್ದರೋ ಅಲ್ಲೇ ಒಬ್ಬೊಬ್ಬರು ಬೀಳಲಿ. ಬಿದ್ದ ಜಾಗದಲ್ಲಿ ಮನೆಯವರು ಎಡೆ ಇಡಲಿ. ಸತ್ತವನು ಕೊನೆಗೆ ಕಂಡದ್ದನ್ನೇ ಮತ್ತೆ ಕಂಡರೆ, ಆ ದೂರದ ಉಸುಕಿನಿಂದ ಬಿಡಿಸಿಕೊಂಡು ಬಂದು ಕಾಗೆಯಾಗಿ ಎಡೆ ಮುಟ್ಟುತ್ತಾನೆ. ಕೊನೆಗೆ ಕಂಡದ್ದು ಯಾವುದು? ಎದುರಿಗೆ ಬಂದ ವೈರಿ. ಹಾಗಾಗಿ ವೈರಿಯ ಅಂಗಿ ತಪ್ಪಬಾರದು.

ವೈರಿ ಅಂಗಿ ಒಂದು ದುರಗಪ್ಪನ ಟ್ರಂಕಿನಲ್ಲೇ ಇತ್ತು. ಎದೆಯ ಮೇಲೆ ರೆಕ್ಕೆ ಚಾಚಿದ ಹದ್ದು, ನಾಲ್ಕು ಜೇಬು, ಹಸಿರು ಹೋಗಿ ಹುಲ್ಲು ಒಣಗಿದ ಬಣ್ಣ. ಎಡ ಬಗಲಲ್ಲಿ ಒಂದು ತೇಪೆ. ಅದನ್ನು ತಂದು ಮುರಿಗೆಪ್ಪನ ಮುಂದೆ ಹಾಕಿದ. ಎಲ್ಲಿ ಸಿಕ್ಕಿತು, ಯಾವಾಗ ಸಿಕ್ಕಿತು ಅಂತ ಯಾರೂ ಕೇಳಲಿಲ್ಲ. ಮುರಿಗೆಪ್ಪ ಜೇಬಿನ ನೆರಿಗೆ ಎಣಿಸುತ್ತಿದ್ದ.

ವೈರಿ ವೇಷ ಹಾಕುವವರಿಗೆ ಹನ್ನೆರಡು ಅಂಗಿ ಹೊಲಿದ. ಆಟವಾಯಿತು. ಏಳು ಮಂದಿ ಬಿದ್ದರು. ಮಾನಿಂಗ ಬಿದ್ದದ್ದನ್ನು ದುರಗಪ್ಪ ಹೊಗೆಯ ನಡುವೆ ಕಂಡಿದ್ದನಂತೆ, ಆ ಜಾಗವನ್ನೂ ತೋರಿಸಿದ. ಏಳು ಎಲೆ ಹಾಕಿದರು. ಆರು ಎಲೆಗೆ ಕಾಗೆ ಬಂದವು. ಮಾನಿಂಗನ ಎಲೆಗೆ ಬರಲಿಲ್ಲ. ಬಿಸಿಲು ಇಳಿಯುವವರೆಗೂ ಕೂತರು, ಅನ್ನ ಒಣಗಿತು, ಬರಲಿಲ್ಲ.

ಕಾಶವ್ವ ಅಂದಳಂತೆ, "ನನ್ನ ಮಗ ಸತ್ತಿಲ್ಲ. ಸತ್ತಿದ್ರ ಬರ್ತಿದ್ದ. ಹಸಿವು ತಡಿಯೂ ಜೀವ ಅಲ್ಲ ಅದು."

ಮುರಿಗೆಪ್ಪ ಸಿಟ್ಟಾದ. ಹವಾಲ್ದಾರ ಕಣ್ಣಾರೆ ಕಂಡಿದ್ದಾನೆ, ತಪ್ಪು ಅಂಗಿಯಲ್ಲಿದೆ ಎಂದ. ಅವನು ಕೆಟ್ಟವನಲ್ಲ. ಆದರೆ ಕೈಕೆಲಸದವನ ಸೊಕ್ಕು ಬೇರೆ ತರಹದ್ದು. ಮಗ ಬದುಕಿರಬಹುದು ಅನ್ನುವುದಕ್ಕಿಂತ ತನ್ನ ಹೊಲಿಗೆ ತಪ್ಪಿರಬಹುದು ಅನ್ನುವುದೇ ಅವನಿಗೆ ದೊಡ್ಡದಾಗಿ ಕಂಡಿತು. ಬಾಳವ್ವನ ಬಳೆ ಒಡೆದದ್ದೂ ಆ ವರ್ಷವೇ.

ಮರುವರ್ಷ ಬಣ್ಣ ತಿದ್ದಿದ. ದಾಳಿಂಬೆ ಸಿಪ್ಪೆ ಕುದಿಸಿ, ತುಕ್ಕು ಕಬ್ಬಿಣ ನೆನೆಸಿದ ನೀರು ಬೆರೆಸಿ ಬಟ್ಟೆ ಅದ್ದಿದ. ಆಮೇಲೆ ಹೊಳೆ ಉಸುಕಿನ ಮೇಲೆ ಹರವಿ, ಬಣ್ಣ ಸಾಯುವವರೆಗೆ ಬಿಸಿಲಿಗೆ ಬಿಟ್ಟ. ಅದರ ಮುಂದಿನ ವರ್ಷ ಗುಂಡಿ. ಆ ಜನರ ಗುಂಡಿಯನ್ನು ದಾರದಲ್ಲಿ ಹೊಲಿದಿರುವುದಿಲ್ಲವಂತೆ. ಹಿಂದುಗಡೆ ತಂತಿಯ ಬಳೆ ಸಿಕ್ಕಿಸಿರುತ್ತಾರೆ, ಒಗೆಯುವಾಗ ತೆಗೆದಿಡಬಹುದು. ಮುರಿಗೆಪ್ಪ ಕಂಚುಗಾರನ ಪಕ್ಕದಲ್ಲಿ ಕೂತು ಒಂದೊಂದನ್ನೂ ಮಾಡಿಸಿದ. ಒಬ್ಬ ಬಿಳಿ ಸಾಹೇಬ ಆ ದಾರಿಯಲ್ಲಿ ಬಂದವನು, ಹಗ್ಗದ ಮೇಲೆ ಒಣಗುತ್ತಿದ್ದ ಅಂಗಿಗಳನ್ನು ಕಂಡು ಕುದುರೆ ತಿರುಗಿಸಿ ಓಡಿದನಂತೆ. ಓಡಿದನೋ ಇಲ್ಲವೋ, ಊರವರು ಮಾತ್ರ ಇವತ್ತಿಗೂ ಓಡಿಸುತ್ತಾರೆ.

ಆದರೂ ಕಾಗೆ ಬರಲಿಲ್ಲ. ಆ ವರ್ಷ ಬಾಳವ್ವನನ್ನು ಬೇರೆ ಊರಿಗೆ ಉಡಿಕೆ, ಅಂದರೆ ಎರಡನೆಯ ಮದುವೆ, ಮಾಡಿಕೊಟ್ಟರು. ಹೋಗುವಾಗ ಅವಳು ಮಾವನ ಕಾಲು ಮುಟ್ಟಿ, ಇನ್ನೊಂದು ಬೇಸಿಗೆ ಕಾಯಲಾ ಎಂದು ಕೇಳಿದಳಂತೆ. ಹೋಗಿಬಾ ಮಗಳೇ ಅಂದನಂತೆ ಮುರಿಗೆಪ್ಪ.

ನಾಲ್ಕನೆಯ ವರ್ಷ ಅವನು ಅಸಲು ಅಂಗಿಯನ್ನೇ ಬಿಚ್ಚಿದ. ಹೊರಗಿನಿಂದ ನೋಡಿದ್ದು ಸಾಲದು, ಒಳಗಿನ ಹೊಲಿಗೆಯೂ ಹೊಂದಬೇಕು ಅಂತ. ತೋಳು ಬಿಚ್ಚಿದ, ಕಾಲರ್ ಬಿಚ್ಚಿದ. ಬಗಲಿನ ತೇಪೆ ಅಡ್ಡ ಬಂತು. ಮೊದಲು ಅಂಗಿ ಹೊಲಿದವನ ಕೈಕೆಲಸ ನೋಡಬೇಕಾದವನಿಗೆ ತೇಪೆ ಯಾತಕ್ಕೆ? ಅದು ಅಸಲಿನದಲ್ಲ, ಆಮೇಲೆ ಯಾರೋ ಹಚ್ಚಿದ್ದು. ಮೂರು ಬದಿ ಹರಕ್ಕನೆ ಎಳೆದು ಬಿಚ್ಚಿದ. ನಾಲ್ಕನೆಯ ಬದಿ ಬಿಗಿಯಾಗಿತ್ತು, ಜಗ್ಗಿದರೂ ಬರಲಿಲ್ಲ. ಕತ್ತರಿಯಿಂದ ಕತ್ತರಿಸಿ ಚಿಂದಿ ಗಂಟಿಗೆ ಎಸೆದ.

ಆ ವರ್ಷದ ಅಂಗಿಗಳಂಥ ಅಂಗಿ ಜರ್ಮನಿಯಲ್ಲೂ ಇರಲಿಲ್ಲವಂತೆ. ಕಾಗೆ ಬರಲಿಲ್ಲ.

ಇನ್ನೆರಡು ಬೇಸಿಗೆ ಕಳೆದವು. ಬಾಳವ್ವನಿಗೆ ಅಲ್ಲಿ ಗಂಡುಮಗು ಹುಟ್ಟಿದ ಸುದ್ದಿ ಬಂತು. ಕೂಸಿಗೆ ಕಳಿಸಲು ಕಾಶವ್ವ ಕೌದಿ ಹೊಲಿಯಲು ಕೂತಳು. ಚಿಂದಿ ಗಂಟು ಬಿಚ್ಚಿ ಒಂದೊಂದೇ ತುಂಡು ಆರಿಸುವಾಗ ಆ ತೇಪೆ ಕೈಗೆ ಬಂತು. ಒಂದು ಬದಿಯಲ್ಲಿ ದಾರ ಹಾಗೇ ಉಳಿದಿತ್ತು. ಕಾಶವ್ವನಿಗೆ ಆಗಲೇ ಕಣ್ಣು ಮಂಜು. ಅವಳು ನೋಡಲಿಲ್ಲ, ಬೆರಳು ಆಡಿಸಿದಳು. ಎದುರು ಕಡೆಗೆ ವಾಲಿದ ಹೊಲಿಗೆ. ಗಂಟಾದ ಮೇಲೆ ಮೂರು ಸಲ ಹಿಂದಕ್ಕೆ.

ಎದ್ದು ಹೋಗಿ ಅದನ್ನು ಗಂಡನ ಅಂಗೈಯಲ್ಲಿಟ್ಟಳು. "ಇದನ್ನ ಹೊಲಿದಾವ ಯಾರು, ನೀ ಹೇಳು."

ಮುರಿಗೆಪ್ಪ ತೇಪೆ ಹಿಡಿದು ದುರಗಪ್ಪನ ಮನೆಗೆ ಓಡಿದ. ಆ ಅಂಗಿ ಎಂದು ಸಿಕ್ಕಿತು ಎಂದು ಕೇಳಿದ. ಹವಾಲ್ದಾರ ಸುಳ್ಳುಗಾರನಲ್ಲ, ಕೇಳಿದ್ದಕ್ಕೆ ಹೇಳಿದ. ಆ ಲಡಾಯಿಯಲ್ಲಿ ಅಲ್ಲ, ಅದಾಗಿ ಒಂದು ವರ್ಷಕ್ಕೆ. ಬೇರೆ ಊರಿನಲ್ಲಿ ವೈರಿಗಳು ಬಂದೂಕು ಕೆಳಗಿಟ್ಟು ಶರಣಾದಾಗ, ಅವರು ಬಿಟ್ಟ ಬಟ್ಟೆಯ ರಾಶಿಯಿಂದ ಚಳಿಗೆಂದು ಎತ್ತಿಕೊಂಡದ್ದು. ಸೆರೆ ಸಿಕ್ಕವರಿಂದ ಅವರು ಬಟ್ಟೆ ಹೊಲಿಸುತ್ತಿದ್ದರು ಅಂತ ಕೇಳಿದ್ದೆ ಎಂದೂ ಹೇಳಿದ.

ಅಂದರೆ ದುರಗಪ್ಪ ಕಂಡ ದಿನ ಮಾನಿಂಗ ಬಿದ್ದಿದ್ದ, ಸತ್ತಿರಲಿಲ್ಲ. ಸೆರೆಯಾಗಿ, ವೈರಿಯ ಅಂಗಿಗೆ ತೇಪೆ ಹಾಕುತ್ತ ಬದುಕಿದ್ದ. ಅವನು ಹಾಕಿದ ತೇಪೆ ಸಾವಿರ ಅಂಗಿಯ ರಾಶಿಯಲ್ಲಿ ಊರವನ ಕೈಗೇ ಸಿಕ್ಕು, ಕಡಲು ದಾಟಿ, ಅಪ್ಪನ ಮಡಿಲಿಗೇ ಬಂದಿತ್ತು. ಅಪ್ಪ ಅದನ್ನು ಕತ್ತರಿಸಿ ಎಸೆದ. ಇದಕ್ಕಿಂತ ದೊಡ್ಡ ಸಂಕಟ ನನಗೆ ಗೊತ್ತಿಲ್ಲ, ನಿಮಗೆ ಗೊತ್ತಿದ್ದರೆ ಹೇಳಬೇಡಿ.

ಆಮೇಲೆ ಕಾಗದ ಬರೆಸಿದರು, ಸರಕಾರದ ಕಚೇರಿ ಅಲೆದರು. ಲಡಾಯಿ ಮುಗಿದು ವರ್ಷಗಳಾಗಿದ್ದವು. ಆ ಪಲ್ಟನ್ನೇ ಈಗಿಲ್ಲ ಅಂದರಂತೆ. ಮೊದಲೇ ಕೇಳಿದ್ದರೆ ಹುಡುಕಬಹುದಿತ್ತು ಅಂತ ಒಬ್ಬ ಗುಮಾಸ್ತ ಅಂದನಂತೆ. ಬಾಳವ್ವನಿಗೆ ಹೇಳುವುದೋ ಬೇಡವೋ ಅಂತ ಗಂಡ ಹೆಂಡತಿ ಬಹಳ ದಿನ ಯೋಚಿಸಿದರು. ಹೇಳಲಿಲ್ಲ. ಕೌದಿಯನ್ನಷ್ಟೇ ಕಳಿಸಿದರು.

ಮುರಿಗೆಪ್ಪ ಬೇರೆ ಹೊಲಿಗೆ ಬಿಟ್ಟ. ಅಸಲು ಅಂಗಿಯನ್ನು ಮತ್ತೆ ಜೋಡಿಸಿದ. ತೋಳು ಕೂಡಿತು, ಕಾಲರ್ ಕೂಡಿತು. ತೇಪೆ ಮಾತ್ರ ಕೂಡಲಿಲ್ಲ. ಹಳೆಯ ತೂತುಗಳಲ್ಲೇ ಸೂಜಿ ಹಾಕಿದರೂ ಅವನ ಹೊಲಿಗೆ ಅವನ ಕಡೆಗೇ ವಾಲುತ್ತಿತ್ತು. ಬಲಗೈಯನ್ನು ಸೊಂಟಕ್ಕೆ ಕಟ್ಟಿಕೊಂಡು ಎಡಗೈಯಿಂದ ಹೊಲಿದನಂತೆ. ಹೊಲಿದು ಬಿಚ್ಚುವುದು, ಬಿಚ್ಚಿ ಹೊಲಿಯುವುದು. ಜಗತ್ತಿನ ಯಾವ ಅಂಗಿಯನ್ನಾದರೂ ಹೊಲಿಯುತ್ತಿದ್ದವನಿಗೆ ಮಗನ ನಾಲ್ಕು ಬೆರಳಗಲದ ತೇಪೆ ಬರಲಿಲ್ಲ. ಕಾಶವ್ವ ಮೊದಲು ಹೋದಳು. ಇವನು ಸತ್ತಾಗ ಎಡಗೈ ಬೆರಳ ತುದಿಯಲ್ಲಿ ಚರ್ಮವೇ ಇರಲಿಲ್ಲವಂತೆ.

ಹೊಳೆಮುತ್ತಲದಲ್ಲಿ ಇವತ್ತಿಗೂ ಪ್ರತಿಯೊಬ್ಬ ಸಿಂಪಿಗನೂ ಹಳೇ ಬಟ್ಟೆ ಬಿಚ್ಚುವ ಮೊದಲು ತೇಪೆಯ ಮೇಲೆ ಬೆರಳಾಡಿಸಿ, ಇದನ್ನು ಯಾರು ಹಾಕಿದ್ದು ಎಂದು ಕೇಳುತ್ತಾನೆ. ಲಡಾಯಿ ಆಟ ಇವತ್ತಿಗೂ ಬೇಸಿಗೆಯಲ್ಲಿ ನಡೆಯುತ್ತದೆ. ವೈರಿ ಅಂಗಿಗಳಲ್ಲಿ ಒಂದರ ಎಡ ಬಗಲು ಹರಿದೇ ಇರುತ್ತದೆ, ಯಾರೂ ಹೊಲಿಯುವುದಿಲ್ಲ. ಉಸುಕಿನಲ್ಲಿ ಏಳು ಎಲೆ ಹಾಕುತ್ತಾರೆ, ಆರಕ್ಕೆ ಮಾತ್ರ ಅನ್ನ ಬಡಿಸುತ್ತಾರೆ. ಏಳನೆಯ ಎಲೆ ಬರಿದು. ಅದರ ಪಕ್ಕದಲ್ಲಿ ಊರಿನ ಸಿಂಪಿಗನೊಬ್ಬ ಕೋಲು ಹಿಡಿದು ಕೂತಿರುತ್ತಾನೆ.

ಮಾನಿಂಗನಿಗೆ ಈಗ ಎಷ್ಟು ವಯಸ್ಸು ಅಂತ ಆ ಊರಿನಲ್ಲಿ ಯಾರೂ ಕೇಳುವುದಿಲ್ಲ. ಈಗೀಗ ಆ ಬರಿ ಎಲೆಯ ಹತ್ತಿರವೂ ಕಾಗೆ ಬರುತ್ತದೆ. ಬಂದರೆ ಕೋಲೆತ್ತಿ ಓಡಿಸುತ್ತಾರೆ.